ತೋಟದ ಫೋಟೋ ಮತ್ತು 72 ಗಂಟೆಯ ಲಿಂಕು

ಒಂದು ವಾರದಿಂದ ಮಳೆ ಬಿಡ್ತಾ ಇಲ್ಲ. ಎರಡನೇ ಸಲದ ಬೋರ್ಡೋ ಹೊಡೆಯೋಕೆ ಮೈಲುತುತ್ತ, ಸುಣ್ಣ ಎಲ್ಲ ತಂದಿಟ್ಟುಕೊಂಡು ಬಿಸಿಲು ಕಾಯ್ತಾ ಕೂತಿದೀನಿ. ಕೈಯಲ್ಲಿ ಕೆಲಸ ಇಲ್ಲದ ಹೊತ್ತಿಗೆ, ಸೊಸೈಟಿ ಹತ್ರ ಸಿಕ್ಕಿದಾಗಲೆಲ್ಲ ನಾಲ್ಕೈದು ಜನ ಕೇಳಿದ್ದ ಒಂದು ವಿಷಯ ಬರೆದುಬಿಡೋಣ ಅಂತ. "ತೋಟದ ಫೋಟೋ ಅದೇನೋ ಕಪ್ಪು ಪರದೆ ಮೇಲೆ ಟೈಪ್ ಮಾಡಿ ವಿಜ್ಞಾನಿಗಳಿಗೆ ಕಳಿಸಿದ್ರಂತಲ್ಲ, ಅದು ಹೆಂಗೆ?" ಅಂತ ನೀವು ಕೇಳಿದ್ದು.

ಮೊದಲೇ ಹೇಳ್ತೀನಿ, ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಒಂದೂವರೆ ಎಕರೆ ಅಡಿಕೆ, ಕೆಳಗೆ ಮುಕ್ಕಾಲು ಎಕರೆ ಗದ್ದೆ, ಇಷ್ಟೇ ನನ್ನ ಪ್ರಪಂಚ. ಕಂಪ್ಯೂಟರ್ ಪಾಠ ಮಾಡೋ ಯೋಗ್ಯತೆ ನಂದಲ್ಲ. ಆದರೆ ನಾನು ಕಲಿತಿದ್ದು ನಮ್ಮಂಥವರಿಗೆ ಉಪಯೋಗಕ್ಕೆ ಬರುತ್ತೆ. ಅದರಲ್ಲಿ ಹುಷಾರಾಗಿರಬೇಕಾದ್ದೂ ಒಂದೆರಡು ಇದೆ. ಎರಡನ್ನೂ ಬರೀತೀನಿ.

ಇದು ಬೇಕಾದದ್ದು ಯಾಕೆ ಅಂತ ಮೊದಲು ಹೇಳಬೇಕು. ಕಳೆದ ದೀಪಾವಳಿ ಹಿಂದೆಮುಂದೆ ನಮ್ಮ ಕೆಳಗಿನ ಮನೆ ಹುಡುಗನ ತೋಟದಲ್ಲಿ ಅಡಿಕೆ ಮರದ ಸೋಗೆ ಹಳದಿ ಆಗೋಕೆ ಶುರುವಾಯ್ತು. ಎಂಟು ವರ್ಷದ ಮರಗಳು, ಫಸಲು ಈಗ ಕೈ ಹಿಡೀತಾ ಇತ್ತು. ಅವನು ಮೊಬೈಲಲ್ಲಿ ನಾಲ್ಕು ಫೋಟೋ ತೆಗೆದು ವಾಟ್ಸಾಪಿನಲ್ಲಿ ಅಲ್ಲಿ ಇಲ್ಲಿ ಕಳಿಸಿದ. ನೋಡಿದವರಲ್ಲಿ ಒಬ್ಬರು "ಇದು ಹಳದಿ ಎಲೆ ರೋಗ, ಇದಕ್ಕೆ ಮದ್ದಿಲ್ಲ, ತೆಗೆಸಿ ಬೇರೆ ಏನಾದ್ರೂ ಹಾಕು" ಅಂದುಬಿಟ್ರು. ಹುಡುಗ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಬ್ಯಾಂಕಿನಲ್ಲಿ ಬೆಳೆಸಾಲ ಬೇರೆ ಇದೆ. ಮೂರನೇ ದಿನ ನಮ್ಮನೆಗೆ ಬಂದು ಜಗಲಿ ಮೇಲೆ ಕೂತು, "ಅಣ್ಣಯ್ಯ, ಮರ ಕಡಿಯೋರನ್ನ ಕೇಳಲಾ?" ಅಂದ.

"ತಡೆಯೋ ಮಾರಾಯ, ಮರ ಕಡಿಯೋಕೆ ಒಂದು ದಿನ ಸಾಕು, ಬೆಳೆಸೋಕೆ ಎಂಟು ವರ್ಷ ಬೇಕು" ಅಂತ ಹೇಳಿ ನಾನೇ ಅವನ ತೋಟಕ್ಕೆ ಹೋದೆ.

ನೋಡಿದ್ರೆ ನಂಗೆ ಅನುಮಾನ ಬಂತು. ಹಳದಿ ಎಲೆ ರೋಗದಲ್ಲಿ ಮೊದಲು ಹೊರಗಿನ ಎರಡು ಮೂರು ಸೋಗೆಯಲ್ಲಿ ಎಲೆಯ ತುದಿಯಿಂದ ಹಳದಿ ಶುರುವಾಗಿ ಒಳಕ್ಕೆ ಬರುತ್ತೆ. ಎಲೆಚುಕ್ಕಿ ರೋಗದಲ್ಲಿ ಸಣ್ಣ ಸಣ್ಣ ಕಂದು ಚುಕ್ಕಿ, ಪ್ರತಿ ಚುಕ್ಕಿ ಸುತ್ತ ಹಳದಿ ಬಳೆ. ಚುಕ್ಕಿಗಳು ದೊಡ್ಡದಾಗಿ ಒಂದಕ್ಕೊಂದು ಕೂಡಿಕೊಂಡ ಮೇಲೆ ಇಡೀ ಸೋಗೆ ಹಳದಿಯಾಗಿ ಸುಟ್ಟ ಹಾಗೆ ಕಾಣುತ್ತೆ. ದೂರದಿಂದ ಎರಡೂ ಒಂದೇ ಥರ. ಪೊಟ್ಯಾಷ್ ಕಮ್ಮಿಯಾದ ಮರವೂ ದೂರದಿಂದ ಹೆಚ್ಚುಕಮ್ಮಿ ಹಾಗೇ. ವ್ಯತ್ಯಾಸ ಇರೋದು ಆ ಚುಕ್ಕಿಯ ಅಂಚಿನಲ್ಲಿ. ಅವನು ಕಳಿಸಿದ ಫೋಟೋದಲ್ಲಿ ಆ ಅಂಚೇ ಇರಲಿಲ್ಲ, ಎಲ್ಲ ಕಲಸಿದ ಹಾಗಿತ್ತು.

ಅದಕ್ಕೆ ಕಾರಣ ಅವನ ಮೊಬೈಲ್ ಅಲ್ಲ. ಮಾಮೂಲಿ ಫೋನು ಒಂದು ಫೋಟೋ ತೆಗೆದರೆ ಅಗಲಕ್ಕೆ 4000, ಎತ್ತರಕ್ಕೆ 3000 ಚುಕ್ಕೆ ಇರುತ್ತೆ, ಒಂದೊಂದು ಮೂರು ನಾಲ್ಕು ಎಂಬಿ. ವಾಟ್ಸಾಪಿನಲ್ಲಿ ಸುಮ್ಮನೆ ಫೋಟೋ ಅಂತ ಕಳಿಸಿದ್ರೆ ಅದು ಬೇಗ ಹೋಗಲಿ ಅಂತ ಕುಗ್ಗಿಸುತ್ತೆ. ನಂಟರ ಮನೆ ಮದುವೆ ಫೋಟೋಕ್ಕೆ ಅದು ಸಾಕು. ಎಲೆ ಮೇಲಿನ ಸಾಸಿವೆ ಗಾತ್ರದ ಚುಕ್ಕಿಗೆ ಸಾಲಲ್ಲ. ಒಂದೆರಡು ಫೋಟೋ ಆದರೆ ಇದಕ್ಕೆ ಸುಲಭದ ದಾರಿ ವಾಟ್ಸಾಪಿನಲ್ಲೇ ಇದೆ: ಫೋಟೋ ಅಂತ ಆರಿಸದೆ 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸಿ. ಆಗ ತೆಗೆದದ್ದು ತೆಗೆದ ಹಾಗೇ ಹೋಗುತ್ತೆ. ಈ ಬರಹದಲ್ಲಿ ಬೇರೇನೂ ನೆನಪಿಟ್ಟುಕೊಳ್ಳದಿದ್ದರೂ ಇದೊಂದು ಇಟ್ಟುಕೊಳ್ಳಿ.

ನಮಗೆ ಬಂದ ತೊಡಕು ಬೇರೆ. ಪರಿಚಯದವರ ಮೂಲಕ ಒಬ್ಬ ವಿಜ್ಞಾನಿ ಸಿಕ್ಕಿದರು. ಒಳ್ಳೆಯವರು. ಅವರು ವಾಟ್ಸಾಪ್ ನಂಬರ್ ಕೊಡಲ್ಲ, ಕೊಟ್ಟರೆ ದಿನಕ್ಕೆ ನೂರು ಫೋಟೋ ಬರ್ತಾವಂತೆ, ಇಮೇಲ್ ಕೊಟ್ರು. "ಇಡೀ ಮರದ್ದು, ಸೋಗೆದು, ಎಲೆಯ ಮೇಲ್ಭಾಗ ಕೆಳಭಾಗ, ಅಡಿಕೆ ಒಡೆದು ಒಳಗಿಂದು, ಎಲ್ಲ ದೊಡ್ಡ ಫೋಟೋ ಬೇಕು. ನಾಲ್ಕೈದು ಮರದ್ದು ಬೇಕು" ಅಂದ್ರು. ತೆಗೆದೆವು. 22 ಫೋಟೋ ಆಯ್ತು, ಒಂದೊಂದು 4 ಎಂಬಿ ಅಂದ್ರೂ 88 ಎಂಬಿ. ಜಿಮೇಲಿನಲ್ಲಿ ಒಂದು ಪತ್ರಕ್ಕೆ 25 ಎಂಬಿ ಮಾತ್ರ ಲಗತ್ತಿಸೋಕೆ ಆಗೋದು.

ಆಗ ನೆನಪಾದದ್ದು ಅಕ್ಕನ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಎರಡು ವರ್ಷದ ಹಿಂದೆ ಅವನ ಹಳೇ ಲ್ಯಾಪ್‌ಟಾಪ್ ನಮ್ಮನೇಲಿ ಬಿಟ್ಟು ಹೋಗಿದ್ದ. ವಿಂಡೋಸ್ ತೆವಳ್ತಾ ಇತ್ತು ಅಂತ ಅದನ್ನು ತೆಗೆದು ಲಿನಕ್ಸ್ ಹಾಕಿಕೊಟ್ಟಿದ್ದ. ಫೋನ್ ಮಾಡಿದೆ. "ಮಾವ, ಅದಕ್ಕೆ ತಾತ್ಕಾಲಿಕವಾಗಿ ಫೈಲ್ ಇಟ್ಟುಕೊಳ್ಳೋ ಜಾಗಗಳಿವೆ. ಖಾತೆ ಬೇಡ, ಪಾಸ್‌ವರ್ಡ್ ಬೇಡ, ದುಡ್ಡೂ ಬೇಡ. ಒಂದು ಸಾಲು ಟೈಪ್ ಮಾಡಿದ್ರೆ ಫೋಟೋ ಹೋಗಿ ಕೂರುತ್ತೆ, ತಿರುಗಿ ಒಂದು ಲಿಂಕು ಬರುತ್ತೆ. ಆ ಲಿಂಕು ಇಮೇಲಿನಲ್ಲಿ ಕಳಿಸಿ ಸಾಕು" ಅಂದ.

ಅವನು ಹೇಳಿದ ಜಾಗದ ಹೆಸರು ಲಿಟರ್‌ಬಾಕ್ಸ್. ಕ್ಯಾಟ್‌ಬಾಕ್ಸ್ ಅಂತ ಒಂದಿದೆ, ಅದರ ತಾತ್ಕಾಲಿಕ ಅಂಗ ಇದು. ಜನ ಕೊಡೋ ದೇಣಿಗೆಯಿಂದ ನಡೆಯುತ್ತೆ. ಇಡುವಾಗಲೇ ಎಷ್ಟು ಹೊತ್ತು ಇರಬೇಕು ಅಂತ ಹೇಳಬೇಕು: 1 ಗಂಟೆ, 12 ಗಂಟೆ, 24 ಗಂಟೆ ಅಥವಾ 72 ಗಂಟೆ. ಹೊತ್ತು ಮುಗಿದ ಮೇಲೆ ತಾನೇ ಅಳಿಸಿ ಹೋಗುತ್ತೆ. ಒಂದು ಫೈಲು 1 ಜಿಬಿ ತನಕ ಇರಬಹುದು.

ಟೈಪ್ ಮಾಡೋ ಸಾಲನ್ನು ನಾನು ಕ್ಯಾಲೆಂಡರ್ ಹಿಂಬದಿಯಲ್ಲಿ ಬರೆದು ಗೋಡೆಗೆ ತೂಗಿದೀನಿ. ಒಂದೊಂದು ತುಂಡಾಗಿ ಬಿಡಿಸಿ ಹೇಳ್ತೀನಿ. ತುಂಡು ಅರ್ಥ ಆದರೆ ಮಂತ್ರ ಬಾಯಿಪಾಠ ಮಾಡಬೇಕಾಗಿಲ್ಲ.

ಮೊದಲನೇ ಪದ 'ಕರ್ಲ್'. ಇದು ಒಂದು ಸಣ್ಣ ಪ್ರೋಗ್ರಾಂ, ಇಂಟರ್ನೆಟ್ಟಿಗೆ ಸಾಮಾನು ಹೊತ್ತುಹಾಕೋ, ಅಲ್ಲಿಂದ ಹೊತ್ತುತರೋ ಆಳು ಅಂದುಕೊಳ್ಳಿ. ಇದನ್ನು ಬೆಳೆಸಿದವರು ಸ್ವೀಡನ್ ದೇಶದ ಡೇನಿಯಲ್ ಸ್ಟೆನ್‌ಬರ್ಗ್. ಬೇರೆ ಬೇರೆ ದೇಶದ ದುಡ್ಡಿನ ವಿನಿಮಯ ದರವನ್ನು ದಿನಾ ತಾನಾಗೇ ತರಿಸಿಕೊಳ್ಳೋಕೆ ಅಂತ ಶುರುವಾದ ಕೆಲಸ ಇದು, 'ಕರ್ಲ್' ಅನ್ನೋ ಹೆಸರಿನಲ್ಲಿ ಹೊರಬಂದದ್ದು 1998ರಲ್ಲಿ. ನಾವು ದಿನಾ ಬೆಳಿಗ್ಗೆ ಅಡಿಕೆ ಧಾರಣೆ ನೋಡ್ತೀವಲ್ಲ, ಹೆಚ್ಚುಕಮ್ಮಿ ಅಂಥದ್ದೇ ಆಸೆಯಿಂದ ಹುಟ್ಟಿದ್ದು. ಲಿನಕ್ಸ್ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತೆ. ಲ್ಯಾಪ್‌ಟಾಪ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲೇ ಟರ್ಮಕ್ಸ್ ಅನ್ನೋ ಆ್ಯಪ್ ಹಾಕಿಕೊಂಡು ಇದೇ ಕೆಲಸ ಮಾಡಬಹುದು.

ಎರಡನೇದು, ಒಂದು ಜಾಗ ಬಿಟ್ಟು ಅಡ್ಡಗೆರೆ, ಅದಕ್ಕೆ ಅಂಟಿ ದೊಡ್ಡಕ್ಷರದ ಎಫ್. ಎಫ್ ಅಂದ್ರೆ ಫಾರಂ. ಸೊಸೈಟಿಯಲ್ಲಿ ಅರ್ಜಿ ತುಂಬ್ತೀವಲ್ಲ, ಹಾಗೆ. ಲಿಟರ್‌ಬಾಕ್ಸ್ ಅರ್ಜಿಯಲ್ಲಿ ಮೂರು ಖಾನೆ: ಏನು ಕೆಲಸ (ಫೈಲ್ ಇಡೋದು), ಎಷ್ಟು ಹೊತ್ತು (72 ಗಂಟೆ), ಯಾವ ಫೈಲು. ಮೂರು ಖಾನೆಗೆ ಮೂರು ಸಲ ಅಡ್ಡಗೆರೆ ಎಫ್ ಬರಬೇಕು. ಇಲ್ಲಿ ಸಣ್ಣ ಎಫ್ ಹಾಕಿದ್ರೆ ಅರ್ಥವೇ ಬೇರೆ, ಕೆಲಸ ಆಗಲ್ಲ.

ಮೂರನೇದು, ಫೈಲ್ ಹೆಸರಿನ ಮುಂದೆ ಇಮೇಲಿನಲ್ಲಿ ಬರುತ್ತಲ್ಲ, ಆ ಅಟ್ ಗುರುತು. ಇದು ಮುಖ್ಯ. ಇದಿದ್ರೆ ಫೈಲೇ ಹೋಗುತ್ತೆ. ಇಲ್ಲದಿದ್ರೆ ಫೈಲಿನ ಹೆಸರು ಮಾತ್ರ ಬರೀ ಅಕ್ಷರವಾಗಿ ಹೋಗುತ್ತೆ. ಚೀಲದ ಮೇಲಿನ ಚೀಟಿ ಕಳಿಸಿ ಚೀಲ ಮನೇಲೇ ಬಿಟ್ಟ ಹಾಗೆ.

ಕೊನೆಯದು ಲಿಟರ್‌ಬಾಕ್ಸಿನ ವಿಳಾಸ. ಅವರ ಸಹಾಯದ ಪುಟದಲ್ಲಿ ಪೂರ್ತಿ ಸಾಲು ಕೊಟ್ಟಿರ್ತಾರೆ, ಅಲ್ಲಿಂದಲೇ ನಕಲು ಮಾಡಿಕೊಳ್ಳಿ. ಎಂಟರ್ ಒತ್ತಿದ್ರೆ ಸ್ವಲ್ಪ ಹೊತ್ತಿಗೆ ಲಿಂಕು ಬಂದು ಕೂರುತ್ತೆ.

ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದು ನಿಮ್ಮ ಟವರ್ ಮೇಲೆ. ನಮ್ಮಲ್ಲಿ ಮನೆ ಒಳಗೆ ಸಿಗ್ನಲ್ ಇಲ್ಲ, ಕೊಟ್ಟಿಗೆ ಹಿಂದಿನ ಹಲಸಿನ ಮರದ ಹತ್ರ ಸಿಗುತ್ತೆ. ಲೆಕ್ಕ ಹೇಳ್ತೀನಿ: ಕಳಿಸೋ ವೇಗ ಸೆಕೆಂಡಿಗೆ 1 ಮೆಗಾಬಿಟ್ ಇದ್ದರೆ 4 ಎಂಬಿ ಫೋಟೋಕ್ಕೆ 32 ಸೆಕೆಂಡು. 22 ಫೋಟೋಕ್ಕೆ ಹನ್ನೆರಡು ನಿಮಿಷದ ಹತ್ತಿರ. ಕಪ್ಪು ಪರದೆಯ ಲಾಭ ಇರೋದು ಇಲ್ಲೇ. ವೆಬ್‌ಸೈಟ್ ತೆರೆದು ಒಂದೊಂದೇ ಫೋಟೋ ಆರಿಸ್ತಾ ಕೂರಬೇಕಾಗಿಲ್ಲ. ಈ ಫೋಲ್ಡರಿನ ಎಲ್ಲ ಫೋಟೋನೂ ಒಂದಾದ ಮೇಲೊಂದು ಕಳಿಸು, ಬಂದ ಲಿಂಕನ್ನೆಲ್ಲ ಒಂದು ಪಟ್ಟಿಗೆ ಬರಿ ಅಂತ ಒಂದೇ ಸಲ ಹೇಳಿಬಿಟ್ಟರೆ, ನಾವು ದನಕ್ಕೆ ಹುಲ್ಲು ಹಾಕಿ ಬರೋ ಹೊತ್ತಿಗೆ ಮುಗಿದಿರುತ್ತೆ. ಅಳಿಯ ಅದನ್ನೆಲ್ಲ ಕಟ್ಟಿ ಒಂದೇ ಪದ ಮಾಡಿಕೊಟ್ಟಿದಾನೆ. 'ಕಳಿಸು' ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ್ರೆ ಸಾಕು.

ಇನ್ನು ಹುಷಾರಾಗಿರಬೇಕಾದ ಮಾತು. ಎರಡು ಪದ ಇವೆ ಇಲ್ಲಿ: 'ತಾತ್ಕಾಲಿಕ' ಮತ್ತು 'ಸಾರ್ವಜನಿಕ'. ಎರಡನ್ನೂ ಅಳೆದು ನೋಡಬೇಕು.

ತಾತ್ಕಾಲಿಕ ಅಂದ್ರೆ 72 ಗಂಟೆ ಅಂದ್ರೆ 72 ಗಂಟೆ. ನಾವು ಶುಕ್ರವಾರ ಸಂಜೆ ಕಳಿಸಿದ್ವಿ, ಸೋಮವಾರ ಸಂಜೆ ತನಕ ಇರುತ್ತೆ ಅಂತ ಇಮೇಲಿನಲ್ಲೂ ಬರೆದಿದ್ವಿ. ವಿಜ್ಞಾನಿಗಳು ಪ್ರವಾಸದ ಮೇಲೆ ಹೋದವರು ಮಂಗಳವಾರ ಬಂದು ತೆರೆದ್ರೆ ಏನೂ ಇಲ್ಲ. ಅಸಲಿ ಫೋಟೋ ನಮ್ಮ ಹತ್ರ ಇದ್ದದ್ದರಿಂದ ಅದೇ ದಿನ ಮತ್ತೆ ಕಳಿಸಿದ್ವಿ. ಅದಕ್ಕೇ ಹೇಳೋದು, ಇದು ಗೋದಾಮು ಅಲ್ಲ, ಬಸ್ ಸ್ಟ್ಯಾಂಡು. ಸಾಮಾನು ಅಲ್ಲಿಟ್ಟು ಮನೇಲಿರೋದನ್ನ ಅಳಿಸೋಕೆ ಹೋಗಬೇಡಿ. ಇಂಥ ಜಾಗಗಳು ದೇಣಿಗೆಯಲ್ಲಿ ನಡೆಯೋವು, ಯಾವತ್ತು ಬೇಕಾದ್ರೂ ಬಾಗಿಲು ಹಾಕಬಹುದು, ನಮಗೆ ಅವು ಏನೂ ಬಾಕಿ ಇಲ್ಲ.

ಸ್ವಲ್ಪ ಹೆಚ್ಚು ದಿನ ಬೇಕು ಅನ್ನೋರಿಗೆ 'ಝೀರೋ ಎಕ್ಸ್ ಝೀರೋ' ಅಂತ ಇನ್ನೊಂದಿದೆ. ಅದಕ್ಕೂ ಇದೇ ಕರ್ಲ್, ಖಾನೆ ಒಂದೇ. ಅಲ್ಲಿ ಕನಿಷ್ಠ 30 ದಿನ, ಹೆಚ್ಚೆಂದರೆ ಒಂದು ವರ್ಷ. ಫೈಲ್ ಸಣ್ಣದಿದ್ದಷ್ಟೂ ಹೆಚ್ಚು ದಿನ, ದೊಡ್ಡದಿದ್ದಷ್ಟೂ ಕಮ್ಮಿ ದಿನ. ಜಾಗ ಕಮ್ಮಿ ಹಿಡಿಯೋನಿಗೆ ಜಾಸ್ತಿ ದಿನ ಅನ್ನೋ ಲೆಕ್ಕ, ನ್ಯಾಯವಾಗಿದೆ. ಕಳಿಸಿದಾಗ ಒಂದು ಗುಟ್ಟಿನ ಗುರುತೂ ಬರುತ್ತೆ, ಅದನ್ನು ಬರೆದಿಟ್ಟುಕೊಂಡ್ರೆ ಬೇಡ ಅನ್ನಿಸಿದ ದಿನ ನಾವೇ ಅಳಿಸಬಹುದು.

ಸಾರ್ವಜನಿಕ ಅನ್ನೋದು ಇನ್ನೂ ದೊಡ್ಡ ಮಾತು. ಲಿಂಕು ಯಾರ ಕೈಗೆ ಸಿಕ್ಕಿದ್ರೂ ಅವರು ಫೋಟೋ ನೋಡಬಹುದು, ಬೀಗ ಇಲ್ಲ. ಅಷ್ಟೇ ಅಲ್ಲ, ಫೋಟೋ ಒಳಗೆ ಕಣ್ಣಿಗೆ ಕಾಣದ ಒಂದು ಚೀಟಿ ಇರುತ್ತೆ. ಯಾವ ಫೋನು, ಯಾವ ದಿನ, ಎಷ್ಟು ಹೊತ್ತಿಗೆ ತೆಗೆದದ್ದು ಅಂತ. ಕ್ಯಾಮೆರಾದಲ್ಲಿ 'ಲೊಕೇಶನ್' ಹಾಕಿದ್ರೆ ತೆಗೆದ ಜಾಗದ ಅಕ್ಷಾಂಶ ರೇಖಾಂಶವೂ. ಇದಕ್ಕೆ ಎಕ್ಸಿಫ್ ಅಂತಾರೆ. ವಾಟ್ಸಾಪ್ ಫೋಟೋ ಕುಗ್ಗಿಸುವಾಗ ಈ ಚೀಟಿನೂ ಕಿತ್ತುಹಾಕುತ್ತೆ. ತೆಗೆದದ್ದು ತೆಗೆದ ಹಾಗೇ ಕಳಿಸಿದ್ರೆ ಚೀಟಿ ಜೊತೆಗೇ ಹೋಗುತ್ತೆ.

ಹೋದರೆ ಏನಾಯ್ತು ಅಂತೀರಾ? ಈ ವಿಷಯ ಕೇಳಿಕೊಂಡು ನಮ್ಮ ಪಕ್ಕದೂರಿನವರೊಬ್ಬರು ಬಂದಿದ್ರು. ಅವರ ಬ್ಯಾಣದ ಗಂಧದ ಮರದ ಎಲೆ ಸಣ್ಣಗಾಗ್ತಾ ಇದೆ, ಫೋಟೋ ಹೀಗೇ ಕಳಿಸಿಕೊಡಿ ಅಂತ. ನಾನು ಅವರ ಫೋನಿನಲ್ಲೇ ಆ ಫೋಟೋದ ವಿವರ ತೆರೆದು ತೋರಿಸಿದೆ. ನಕ್ಷೆ ಬಂತು, ನಕ್ಷೆ ಮೇಲೆ ಕೆಂಪು ಮೊಳೆ, ಮೊಳೆ ಅವರ ಬ್ಯಾಣದ ಮೂಲೆಯಲ್ಲಿ. "ಅಯ್ಯಯ್ಯೋ, ಇದು ಕಳ್ಳರಿಗೆ ದಾರಿ ಬರೆದುಕೊಟ್ಟ ಹಾಗಲ್ವಾ ಮಾರಾಯ್ರೆ" ಅಂದ್ರು. ಹೌದು. ಗಂಧದ ಮರ, ಅಂಗಳದಲ್ಲಿ ಒಣಗ್ತಿರೋ ಅಡಿಕೆ, ಕಾಳುಮೆಣಸಿನ ರಾಶಿ, ಇಂಥದರ ಫೋಟೋ ಲೊಕೇಶನ್ ಸಮೇತ ಹೊರಗೆ ಹೋಗಲೇಬಾರದು.

ದಾರಿ ಸುಲಭ ಇದೆ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿ ಫೋಟೋ ತೆಗೀರಿ. ತೆಗೆದಾಗಿದೆ ಅಂದ್ರೆ ಎಕ್ಸಿಫ್‌ಟೂಲ್ ಅನ್ನೋ ಪ್ರೋಗ್ರಾಂನಿಂದ ಅದೇ ಕಪ್ಪು ಪರದೆಯಲ್ಲಿ ಜಿಪಿಎಸ್ ಮಾಹಿತಿ ಅಳಿಸಬಹುದು. ಅದು ಅಳಿಸುವಾಗ ಹಳೇ ಫೋಟೋವನ್ನು 'ಒರಿಜಿನಲ್' ಅಂತ ಬಾಲ ಹಚ್ಚಿ ಪಕ್ಕದಲ್ಲೇ ಇಟ್ಟಿರುತ್ತೆ. ಅದು ಮನೇಲೇ ಇರಲಿ. ಅಳಿಸಿದ್ದು ಮಾತ್ರ ಹೋಗಲಿ.

ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ ಇಂಥ ಜಾಗದಲ್ಲಿ ಒಂದು ಗಂಟೆಗೂ ಇಡಬೇಡಿ, ಯಾರು ಕೇಳಿದ್ರೂ ಇಡಬೇಡಿ. ಹೊತ್ತು ಮುಗಿದ ಮೇಲೆ ಅವರ ಕಂಪ್ಯೂಟರಿನಿಂದ ಅಳಿಸಿ ಹೋಗುತ್ತೆ, ನಿಜ. ಅಷ್ಟರೊಳಗೆ ಯಾರಾದ್ರೂ ಇಳಿಸಿಕೊಂಡಿದ್ದರೆ ಅವರ ಹತ್ರ ಇದ್ದೇ ಇರುತ್ತಲ್ಲ.

ಬೆಳೆ ವಿಮೆ ವಿಷಯವೂ ಬೇರೆ. ಫಸಲ್ ಬಿಮಾದಲ್ಲಿ ಗದ್ದೆಗೆ ನೀರು ನುಗ್ಗಿದ್ರೆ, ಆಲಿಕಲ್ಲು ಬಿದ್ದರೆ, 72 ಗಂಟೆಯೊಳಗೆ ತಿಳಿಸಬೇಕು ಅಂತಿದೆ. ಈ 72ಕ್ಕೂ ಲಿಂಕಿನ 72ಕ್ಕೂ ಸಂಬಂಧ ಇಲ್ಲ. ವಿಮೆಯದ್ದು ಅವರದೇ ಆ್ಯಪ್‌ನಲ್ಲಿ ಅಥವಾ 14447ಕ್ಕೆ ಫೋನ್ ಮಾಡಿಯೇ ತಿಳಿಸಬೇಕು. ಅದಕ್ಕೆ ಲಿಂಕು ಕಳಿಸಿ ಕೂತರೆ ಲಿಂಕೂ ಹೋಗುತ್ತೆ, ಪರಿಹಾರವೂ ಹೋಗುತ್ತೆ. ಹಾನಿಯ ಫೋಟೋದಲ್ಲಿ ದಿನಾಂಕ, ಜಾಗ ಇರಲಿ. ಅಲ್ಲಿ ಆ ಚೀಟಿ ನಮ್ಮ ಪರವಾಗಿ ಸಾಕ್ಷಿ ಹೇಳುತ್ತೆ. ಅದೇ ಚೀಟಿ ಒಂದು ಕಡೆ ಕಳ್ಳನಿಗೆ ದಾರಿ, ಇನ್ನೊಂದು ಕಡೆ ನಮಗೆ ಸಾಕ್ಷಿ. ಎಲ್ಲಿ ಇಟ್ಟುಕೊಳ್ಳಬೇಕು, ಎಲ್ಲಿ ಕೀಳಬೇಕು ಅಂತ ನಾವೇ ನೋಡಿ ಮಾಡಬೇಕು.

ಈಗ ಕೆಳಗಿನ ಮನೆ ತೋಟದ ಮಾತು. ಎರಡನೇ ಸಲ ಕಳಿಸಿದ ಲಿಂಕು ತೆರೆದ ಸಂಜೆಯೇ ವಿಜ್ಞಾನಿಗಳು ಉತ್ತರ ಬರೆದ್ರು. ಎಲೆ ಮೇಲೆ ಹಳದಿ ಬಳೆ ಇರೋ ಕಂದು ಚುಕ್ಕಿ ಸ್ಪಷ್ಟ ಇದೆ, ಒಡೆದ ಅಡಿಕೆಯ ತಿರುಳು ಬಣ್ಣ ಕೆಟ್ಟಿಲ್ಲ, ಇದು ಎಲೆಚುಕ್ಕಿ ಅನ್ನಿಸುತ್ತೆ, ಆದರೂ ಫೋಟೋ ನೋಡಿ ತೀರ್ಮಾನ ಮಾಡೋದು ಬೇಡ, ಎಲೆ ಕಳಿಸಿ ಅಂತ. ಹುಡುಗ ಎಲೆಯನ್ನು ಒಣ ಪೇಪರಿನಲ್ಲಿ ಸುತ್ತಿ ತಾನೇ ಬಸ್ಸಿನಲ್ಲಿ ತಗೊಂಡು ಹೋಗಿ ಕೊಟ್ಟು ಬಂದ. ಪರೀಕ್ಷೆಯಲ್ಲೂ ಎಲೆಚುಕ್ಕಿ ಅಂತಲೇ ಬಂತು. ಎಲೆಚುಕ್ಕಿ ಶಿಲೀಂಧ್ರದಿಂದ ಬರೋದು. ಅದೂ ಸಣ್ಣ ರೋಗ ಅಲ್ಲ, ನಮ್ಮ ಕಡೆ ಎಷ್ಟು ತೋಟ ಸೊರಗಿದೆ ಅಂತ ನಿಮಗೇ ಗೊತ್ತು. ಆದರೆ ಅದಕ್ಕೆ ಮಾಡೋ ಕೆಲಸ ಇದೆ. ಅವನು ಜಾಸ್ತಿ ಕೆಟ್ಟ ಸೋಗೆ ಕೊಯ್ಸಿ ಸುಟ್ಟ, ಅವರು ಬರೆದುಕೊಟ್ಟ ಔಷಧಿ ಅವರು ಹೇಳಿದ ಪ್ರಮಾಣದಲ್ಲೇ ಹೊಡೆಸಿದ, ಬಸಿಗಾಲುವೆ ಬಿಡಿಸಿದ, ಪೊಟ್ಯಾಷ್ ಕೊಟ್ಟ. ಮೇಲಿನ ಹೊಸ ಸೋಗೆ ಈಗ ಹಸಿರಾಗಿದೆ. ಈ ಮಳೆಗಾಲ ದಾಟಿದ ಮೇಲೆ ಏನು ಅಂತ ನೋಡಬೇಕು. ಮರ ಅಂತೂ ನಿಂತಿದಾವೆ.

ಆ ಹುಡುಗನ ತೋಟ ಉಳಿಸಿದ್ದು ಕಂಪ್ಯೂಟರ್ ಅಂತ ನಾನು ಹೇಳಲ್ಲ. ನೋಡಬೇಕಾದವರ ಕಣ್ಣಿಗೆ ನೋಡಬೇಕಾದದ್ದು ಸರಿಯಾಗಿ ಬಿತ್ತು, ಅಷ್ಟೇ. ಕಲಸಿದ ಫೋಟೋ ನೋಡಿ ಹೇಳಿದವರದ್ದೂ ತಪ್ಪೇನಿಲ್ಲ, ಅವರಿಗೆ ಕಂಡದ್ದೇ ಅಷ್ಟು. ಹಾಗಾಗಿ ಕಳಿಸೋಕೆ ಮುಂಚೆ ತೆಗೆಯೋದನ್ನ ಸರಿ ಮಾಡಿಕೊಳ್ಳಿ. ಬೆಳಿಗ್ಗೆ ನೆರಳಿನ ಬೆಳಕಿನಲ್ಲಿ ತೆಗೀರಿ. ಇಡೀ ಮರ ಒಂದು, ಸೋಗೆ ಒಂದು, ಎಲೆಯನ್ನು ಬಿಳಿ ಪಂಚೆ ಮೇಲೆ ಹಾಸಿ ಎರಡೂ ಬದಿ ಒಂದೊಂದು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಚುಕ್ಕಿ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ. ಫೈಲಿಗೆ ದಿನಾಂಕ, ಮರದ ನಂಬರ್ ಹೆಸರಿಡಿ, ಮಧ್ಯೆ ಜಾಗ ಬಿಡದೆ ಅಡ್ಡಗೆರೆ ಹಾಕಿ. ಜಾಗ ಬಿಟ್ಟರೆ ಕಪ್ಪು ಪರದೆ ಅದನ್ನ ಎರಡು ಫೈಲ್ ಅಂದುಕೊಳ್ಳುತ್ತೆ.

ಯಾರಿಗಾದ್ರೂ ಕೈ ಹಿಡಿದು ತೋರಿಸಬೇಕು ಅನ್ನಿಸಿದ್ರೆ ಭಾನುವಾರ ಮಧ್ಯಾಹ್ನದ ಮೇಲೆ ನಮ್ಮನೆಗೆ ಬನ್ನಿ. ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ, ನಮ್ಮಲ್ಲಿ ಮಳೆ ಬಂದ್ರೆ ಕರೆಂಟ್ ಇರಲ್ಲ. ಕೆಟ್ಟ ಸೋಗೆ ಮಾತ್ರ ನಮ್ಮ ತೋಟದ ಒಳಗೆ ತರಬೇಡಿ, ಗೇಟಿನ ಹತ್ರವೇ ಫೋಟೋ ತೆಗೆಯೋಣ.